ಹಳೆ ಮಾರುತಿ 800ರ ನೆಲ ತುಕ್ಕು ಹಿಡಿದಿದ್ದರೆ: ಬಿಚ್ಚುವುದರಿಂದ ಬಣ್ಣ ಬಳಿಯುವವರೆಗೆ

ಕರಾವಳಿಯಲ್ಲಿ ಹಳೆ ಕಾರು ಕೊಳ್ಳಲು ಹೋದವರು ಎಂಜಿನ್ ಬಗ್ಗೆ ಕೇಳುವುದು ಆಮೇಲೆ. ಮೊದಲು ಬಗ್ಗಿ ಮ್ಯಾಟ್ ಎತ್ತಿ ನೋಡುತ್ತಾರೆ. 'ಪ್ಲಾಟ್‌ಫಾರ್ಮ್ ಹೇಗಿದೆ?' ಅಂದರೆ ನೆಲದ ತಗಡು ಹೇಗಿದೆ, ಅನ್ನುವುದೇ ಮೊದಲ ಪ್ರಶ್ನೆ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ, ಉಳಿದ ದಿನಗಳಲ್ಲಿ ಸಮುದ್ರದ ಉಪ್ಪುಗಾಳಿ. ಇಂಥ ಜಾಗದಲ್ಲಿ ತೆಳು ತಗಡಿನ ಕಾರು ಬಾಳುವುದೇ ದೊಡ್ಡ ಮಾತು.

ಈ ಬರಹದಲ್ಲಿ ಮಾರುತಿ 800 ಅನ್ನೇ ಇಟ್ಟುಕೊಂಡು ಹೇಳುತ್ತೇನೆ. 1983ರಲ್ಲಿ ಶುರುವಾಗಿ 2014ರ ಜನವರಿಯಲ್ಲಿ ನಿಂತ ಕಾರು ಇದು. ಉಡುಪಿ, ಮಂಗಳೂರು, ಕಾರವಾರದ ಕಡೆ ಇನ್ನೂ ಎಷ್ಟೋ ಮನೆಗಳ ಅಂಗಳದಲ್ಲಿ ನಿಂತಿದೆ. ಓಮ್ನಿ, ಜೆನ್, ಹಳೆ ಆಲ್ಟೊ, ಪದ್ಮಿನಿ ಯಾವುದಿದ್ದರೂ ಕೆಲಸದ ಕ್ರಮ ಹೆಚ್ಚುಕಮ್ಮಿ ಇದೇ. ಇವುಗಳಿಗೆ ಜೀಪಿನ ಹಾಗೆ ಬೇರೆ ಷಾಸಿ, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು, ಇಲ್ಲ. ಬಾಡಿಯೇ ಷಾಸಿ. ಹಾಗಾಗಿ ನೆಲದ ತಗಡು ಬರೀ ಕಾಲಿಡುವ ಜಾಗ ಅಲ್ಲ, ಕಾರಿನ ಬಲದ ಒಂದು ಭಾಗ.

ತೂತಿಗೆ ತಗಡು ಬೆಸೆಯುವುದು ಈ ಕೆಲಸದಲ್ಲಿ ಸುಲಭದ ಭಾಗ. ನೀರು ಬಂದ ದಾರಿ ಹಿಡಿಯುವುದು, ಬೆಸೆದ ಜಾಗದ ಹಿಂಬದಿಯನ್ನು ಕಾಪಾಡುವುದು, ಇವೆರಡೂ ಕಷ್ಟದವು. ಎರಡನ್ನೂ ಬಿಟ್ಟು ಮಾಡಿದ ಪ್ಯಾಚ್ ಎರಡು ಮಳೆಗಾಲ ತಡೆದರೆ ಹೆಚ್ಚು.

ಮೊದಲು ನೀರಿನ ದಾರಿ ಹುಡುಕಿ

ನೆಲಕ್ಕೆ ತುಕ್ಕು ಹಿಡಿಯುವುದು ಕೆಳಗಿನಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಮೇಲಿನಿಂದಲೇ ಶುರುವಾಗಿರುತ್ತದೆ. ಕಾರ್ಪೆಟ್ಟಿನ ಕೆಳಗೆ ದಪ್ಪನೆಯ ಫೆಲ್ಟ್ ಇರುತ್ತದೆ. ಅದು ಒಮ್ಮೆ ನೆನೆದರೆ ವಾರಗಟ್ಟಲೆ ಒಣಗುವುದಿಲ್ಲ. ಮೇಲೆ ಕೈಯಿಟ್ಟರೆ ಕಾರ್ಪೆಟ್ ಒಣಗಿದ ಹಾಗೇ ಇರುತ್ತದೆ, ಕೆಳಗೆ ಹಿಂಡಿದರೆ ನೀರು. ಈಗ ಎಲ್ಲರೂ ಹಾಕಿಸುವ ದಪ್ಪ ಅಚ್ಚಿನ ಮ್ಯಾಟ್ ಅದರ ಮೇಲೆ ಕೂತರೆ ಗಾಳಿಯೂ ಆಡುವುದಿಲ್ಲ.

ನೀರು ಬರುವ ಜಾಗಗಳು ಇಷ್ಟು. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್. ಗಾಜಿನ ಕೆಳಗೆ ವೈಪರ್ ಇರುವ ತೊಟ್ಟಿಯಂಥ ಜಾಗ, ಅಲ್ಲಿ ಎಲೆ ಕಸ ತುಂಬಿ ನೀರು ಹೊರಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆ, ಸ್ಪೀಕರ್ ಕೂರಿಸುವವರು ಇದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ. ನೆಲದ ತೂತುಗಳಿಗೆ ಹಾಕಿರುವ ರಬ್ಬರ್ ಬಿರಡೆಗಳು. ಹಿಂದಿನ ಬಾಗಿಲಿನ ಬೀಡಿಂಗ್, ಹಿಂದಿನ ಲೈಟುಗಳ ಗ್ಯಾಸ್ಕೆಟ್.

ಎಸಿ ಇರುವ ಕಾರಿನಲ್ಲಿ ಇನ್ನೊಂದು ಇದೆ, ಬಹಳ ಜನ ಇದನ್ನು ಮರೆಯುತ್ತಾರೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಿಂದ ತೊಟ್ಟಿಕ್ಕುವ ನೀರು ಒಂದು ಸಣ್ಣ ಪೈಪಿನಲ್ಲಿ ಹೊರಗೆ ಹೋಗಬೇಕು. ಅದು ಧೂಳಿನಿಂದ ಕಟ್ಟಿದರೆ ನೀರು ಎಡಗಡೆ ಮುಂದಿನ ಸೀಟಿನ ಕಾಲಬುಡಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲೂ ಆ ಜಾಗ ಒದ್ದೆ ಇದ್ದರೆ, ಎಸಿ ಹಾಕಿದ ದಿನ ಮಾತ್ರ ಒದ್ದೆಯಾಗುತ್ತಿದ್ದರೆ ಇದೇ ಕಾರಣ. ಹೀಟರ್ ಇರುವ ಕಾರಿನಲ್ಲಿ ಕಾಲಬುಡ ಅಂಟಂಟಾಗಿ, ಸಿಹಿ ವಾಸನೆ ಬರುತ್ತಿದ್ದರೆ ಅದು ಕೂಲೆಂಟ್. ಅದು ವಿಷ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು, ನಾಯಿಯನ್ನು ಹತ್ತಿರ ಬಿಡಬೇಡಿ.

ಪತ್ತೆ ಮಾಡುವುದು ಹೀಗೆ. ಮ್ಯಾಟ್, ಕಾರ್ಪೆಟ್ ತೆಗೆದು ನೆಲ ಒಣಗಿಸಿ. ಅಂಚುಗಳಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಬಾಗಿಲ ಹೊಸ್ತಿಲಲ್ಲಿ ಸೀಮೆಸುಣ್ಣದ ಪುಡಿ ಉದುರಿಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಒಂದೇ ಸಲ ಇಡೀ ಕಾರಿಗೆ ನೀರು ಹೊಯ್ದರೆ ಏನೂ ಗೊತ್ತಾಗುವುದಿಲ್ಲ. ಕೆಳಗಿನಿಂದ ಶುರುಮಾಡಿ, ಬಾಗಿಲ ಕೆಳಭಾಗ, ಬಾಗಿಲ ಗಾಜು, ವೈಪರ್ ತೊಟ್ಟಿ, ಮುಂದಿನ ಗಾಜು, ಹೀಗೆ ಒಂದೊಂದು ಜಾಗಕ್ಕೆ ಐದು ಹತ್ತು ನಿಮಿಷ ಕೊಡಿ. ನೀರು ಇಳಿದ ಕಡೆ ಪುಡಿಯಲ್ಲಿ ಗೆರೆ ಬೀಳುತ್ತದೆ. ಆ ಗೆರೆಯನ್ನೇ ಹಿಡಿದು ಮೇಲಕ್ಕೆ ಹೋಗಿ.

ಸೋರಿಕೆ ಸಿಕ್ಕಿದ ಮೇಲೆ ಅದನ್ನು ಸರಿಮಾಡಿಯೇ ಮುಂದಿನ ಕೆಲಸ. ನೆಲ ಆದಮೇಲೆ ನೋಡೋಣ ಅಂದರೆ ಅದು ಆಗುವುದೇ ಇಲ್ಲ.

ಯಾವಾಗ ಮಾಡಬೇಕು

ಕರಾವಳಿಯಲ್ಲಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಜೂನ್ ಹತ್ತಿರ ಬಂತು ಅಂತ ಮೇ ಕೊನೆಯಲ್ಲಿ ಗಡಿಬಿಡಿಯಲ್ಲಿ ಮಾಡಿಸುವವರೇ ಜಾಸ್ತಿ. ಗಾಳಿಯಲ್ಲಿ ಪಸೆ ಇದ್ದಾಗ ಉಜ್ಜಿ ಹೊಳೆಯುವಂತೆ ಮಾಡಿದ ತಗಡು ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಅದರ ಮೇಲೆ ಬಳಿದ ಪ್ರೈಮರ್ ಹಿಡಿಯುವುದಿಲ್ಲ. ಮಳೆಗಾಲದಲ್ಲೇ ತೂತು ಕಂಡರೆ ಸದ್ಯಕ್ಕೆ ಒಣಗಿಸಿ, ಮ್ಯಾಟ್ ತೆಗೆದಿಟ್ಟು, ಮಳೆ ಕಳೆಯುವವರೆಗೆ ತಡೆಯಿರಿ. ಸೀಟಿನ ಬೋಲ್ಟ್ ಹತ್ತಿರವೇ ಹೋಗಿದ್ದರೆ ಮಾತ್ರ ಕಾರು ಓಡಿಸುವುದನ್ನೇ ನಿಲ್ಲಿಸಿ.

ಬಿಚ್ಚುವುದು

ಬ್ಯಾಟರಿಯ ಮೈನಸ್ ಮೊದಲು, ಆಮೇಲೆ ಪ್ಲಸ್. ಬ್ಯಾಟರಿಯನ್ನು ಹೊರಗೇ ತೆಗೆದಿಡಿ. ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ) ಮಾಡೆಲ್ ಆದರೆ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಕಪ್ಲರನ್ನೂ ಬಿಡಿಸಿ.

ಮುಂದಿನ ಸೀಟುಗಳ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೋಲ್ಟು ಕೂಡಲೇ ತಿರುಗದಿದ್ದರೆ ಜೋರು ಮಾಡಬೇಡಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿ. ಸೀಟಿನ ನಟ್ಟು ನೆಲದ ತಗಡಿಗೇ ಬೆಸೆದಿರುತ್ತದೆ. ಅದು ಕಿತ್ತು ಬಂದರೆ ಇನ್ನೊಂದು ಕೆಲಸ ಹೆಗಲೇರಿತು. ಸೀಟ್ ಬೆಲ್ಟಿನ ಬೋಲ್ಟುಗಳು ಬೇರೆ ಜಾತಿ. ಅವನ್ನು ಬೇರೆ ಪೊಟ್ಟಣದಲ್ಲಿ ಹೆಸರು ಬರೆದಿಡಿ. ಅವುಗಳ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಹಾಕುವಂತಿಲ್ಲ.

ಹೊಸ್ತಿಲ ಪಟ್ಟಿ ಬಿಚ್ಚಿ, ಕಾರ್ಪೆಟ್ ಮಡಚಿ ಹೊರಗೆ ತೆಗೆಯಿರಿ. ಹಳೆ ಫೆಲ್ಟ್ ಇದ್ದರೆ ಎಸೆಯಿರಿ. ಒಣಗಿಸಿ ಮತ್ತೆ ಹಾಕುವ ಆಸೆ ಬೇಡ. ನೆಲದ ಮೇಲೆ ಓಡುವ ವೈರಿಂಗ್ ಕಟ್ಟನ್ನು ಕ್ಲಿಪ್ಪಿನಿಂದ ಬಿಡಿಸಿ ಮೇಲೆ ಕಟ್ಟಿ. ಎಲ್ಲಕ್ಕೂ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡಿದ್ದರೆ ಜೋಡಿಸುವಾಗ ತಲೆ ಕೆಡುವುದಿಲ್ಲ.

ಇನ್ನು ಉಳಿಯುವುದು ಸದ್ದು ತಡೆಯಲು ಅಂಟಿಸಿದ ಕಪ್ಪು ಡಾಮರು ಹಾಳೆ. ಮೇಲಿನಿಂದ ನೋಡಿದರೆ ಇದಕ್ಕೇನೂ ಆಗಿಲ್ಲ ಅನಿಸುತ್ತದೆ. ಒಂದು ಮೂಲೆಗೆ ಪುಟ್ಟಿ ಬ್ಲೇಡ್ ಹಾಕಿ ಎತ್ತಿ ನೋಡಿ. ಬಿರುಕಿನಲ್ಲಿ ಇಳಿದ ನೀರು ಅದರ ಕೆಳಗೇ ನಿಂತು, ತುಕ್ಕು ಹಪ್ಪಳದ ಹಾಗೆ ಪದರು ಪದರಾಗಿ ಎದ್ದಿರುತ್ತದೆ. ಬೆರಳಲ್ಲಿ ಮುಟ್ಟಿದರೆ ಪುಡಿ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಮೊದಲಿದ್ದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ. ಎರಡು ತಗಡು ಸೇರುವ ಕಡೆ ತುಕ್ಕು ಹೊಕ್ಕರೆ ಸ್ಪಾಟ್ ವೆಲ್ಡನ್ನೇ (ಕಂಪನಿಯವರು ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆ) ಸೀಳಿಬಿಡುವುದು ಇದಕ್ಕೇ. ಡಾಮರು ಹಾಳೆಯನ್ನು ಹಾಟ್ ಏರ್ ಗನ್ನಿನಿಂದ ಸ್ವಲ್ಪ ಬಿಸಿ ಮಾಡಿ ಬ್ಲೇಡಿನಲ್ಲಿ ಎಬ್ಬಿಸಿ. ಅನುಮಾನ ಇರುವ ಕಡೆ ಮಾತ್ರ ಅಲ್ಲ, ಪೂರ್ತಿ ತೆಗೆಯಿರಿ.

ಎಷ್ಟು ಹೋಗಿದೆ?

ಸಣ್ಣ ಸುತ್ತಿಗೆಯಲ್ಲಿ ನೆಲವನ್ನೆಲ್ಲ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಹೋದ ತಗಡು ಡಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಹಳೆ ಸ್ಕ್ರೂಡ್ರೈವರ್ ಒತ್ತಿ. ತೂರಿತಾ? ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಂಜೆ ಕತ್ತಲಾದ ಮೇಲೆ ಕಾರಿನ ಕೆಳಗೆ ಜೋರು ಬೆಳಕಿನ ಟಾರ್ಚ್ ಇಟ್ಟು ಒಳಗಿನಿಂದ ನೋಡಿದರೆ ಸೂಜಿ ತೂತುಗಳೂ ಕಾಣುತ್ತವೆ.

ಈಗ ನೆಲವನ್ನು ಮೂರು ಭಾಗ ಮಾಡಿಕೊಳ್ಳಿ. ಮೇಲೆ ಬರೀ ಕೆಂಪಾಗಿ, ಉಜ್ಜಿದರೆ ಹೊಳೆಯುವ ತಗಡು ಬರುವ ಕಡೆ ಕೊಯ್ಯುವ ಕೆಲಸ ಇಲ್ಲ. ಗುಳಿ ಬಿದ್ದಿದ್ದು ತೂತಾಗಿಲ್ಲದ ಕಡೆ ತೀರ್ಮಾನ ನಿಮ್ಮದು. ಹೆಬ್ಬೆರಳಲ್ಲಿ ಜೋರಾಗಿ ಒತ್ತಿದಾಗ ತಗಡು ಬಾಗಿದರೆ ಅದನ್ನೂ ಕೊಯ್ದು ತೆಗೆಯುವುದೇ ಒಳ್ಳೆಯದು. ತೂತಾದ ಕಡೆಗೆ ಬೇರೆ ದಾರಿಯೇ ಇಲ್ಲ.

ನೆಲದ ಮಧ್ಯದಲ್ಲಿ ಅಂಗೈ ಅಗಲದ ತೂತು ಇದ್ದರೆ ಹೆದರುವಂಥದ್ದೇನಲ್ಲ. ಆದರೆ ತುಕ್ಕು ರನ್ನಿಂಗ್ ಬೋರ್ಡಿಗೆ (ಬಾಗಿಲ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಪಟ್ಟಿ) ಹತ್ತಿದೆಯಾ, ಸೀಟಿನ ಕೆಳಗಿನ ಅಡ್ಡಪಟ್ಟಿಗೆ ಹತ್ತಿದೆಯಾ, ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗ, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಹಿಡಿದಿರುವ ಜಾಗ ಹೇಗಿದೆ, ಇದನ್ನು ಚೆನ್ನಾಗಿ ನೋಡಿ. ಇಲ್ಲಿ ಯಾವುದಾದರೂ ಹೋಗಿದ್ದರೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಅಪಘಾತದಲ್ಲಿ ಜೀವ ಹಿಡಿಯುವ ಜಾಗಗಳು ಇವು. ಒಂದು ಸುಲಭದ ಗುರುತು ಹೇಳುತ್ತೇನೆ. ಕಾರಿಗೆ ಜಾಕ್ ಕೊಟ್ಟು ಎತ್ತಿದಾಗ ಬಾಗಿಲು ಹಾಕಲು, ತೆಗೆಯಲು ಬಿಗಿಯಾದರೆ ಬಾಡಿ ಬಾಗುತ್ತಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ, ಅನುಭವಸ್ಥ ಟಿಂಕರ್ (ಬಾಡಿಯ ತಗಡು ಕೆಲಸ ಮಾಡುವವರು) ಹತ್ತಿರ ಒಯ್ಯಿರಿ.

ಇನ್ನೊಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಮುಂದಿನ ಸೀಟಿನ ಕೆಳಗೆ, ನೆಲದ ತಗಡಿನ ಮೇಲೆಯೇ ಷಾಸಿ ನಂಬರ್ ಕೊರೆದಿರುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಅಂತ ಮೊದಲೇ ಹುಡುಕಿ, ಆರ್‌ಸಿ ಜೊತೆ ಹೋಲಿಸಿ, ಫೋಟೊ ತೆಗೆದಿಟ್ಟು, ಮೇಲೆ ಟೇಪ್ ಅಂಟಿಸಿ. ಆ ಜಾಗಕ್ಕೆ ಗ್ರೈಂಡರ್ ತಾಗಬಾರದು. 15 ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಇನ್‌ಸ್ಪೆಕ್ಟರ್ ಮೊದಲು ಕೇಳುವುದೇ ಆ ನಂಬರ್.

ಬೆಂಕಿ, ಜಾಕ್, ಕಣ್ಣು

800ರ ತೂಕ ಸುಮಾರು 650 ಕೆಜಿ. ಸಣ್ಣ ಕಾರು ಅಲ್ವಾ ಅಂತ ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ನುಸುಳಬೇಡಿ. ನಮ್ಮ ಕಡೆ ಮುರಕಲ್ಲು (ಜಂಬಿಟ್ಟಿಗೆ) ಜೋಡಿಸಿ ಅದರ ಮೇಲೆ ಕಾರು ಕೂರಿಸುವ ಅಭ್ಯಾಸ ಇದೆ. ಮುರಕಲ್ಲು, ಹಾಲೋ ಬ್ಲಾಕ್ ಎರಡೂ ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಗಟ್ಟಿ ಕಾಂಕ್ರೀಟ್ ನೆಲ, ಎರಡು ಜೊತೆ ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಮರದ ತುಂಡು. ಇದರಲ್ಲಿ ರಾಜಿ ಬೇಡ.

ನೆಲದ ಕೆಳಗೆ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಎರಡೂ ಓಡುತ್ತವೆ. ಹಿಂಭಾಗದಲ್ಲಿ ಟ್ಯಾಂಕ್ ಇದೆ. ಕೊಯ್ಯುವ ಜಾಗದ ಕೆಳಗೆ ಏನಿದೆ ಅಂತ ಕಣ್ಣಾರೆ ನೋಡದೆ ಡಿಸ್ಕ್ ಇಳಿಸಬೇಡಿ. ಮುಂದಿನ ನೆಲದ ಕೆಲಸ ಆದರೆ ಪೈಪುಗಳನ್ನು ಕ್ಲಿಪ್ಪಿನಿಂದ ಬಿಡಿಸಿ ಪಕ್ಕಕ್ಕೆ ಸರಿಸಬಹುದು. ಹಿಂದಿನ ಸೀಟಿನ ಕೆಳಗೆ ಅಥವಾ ಅದರ ಹಿಂದೆ ವೆಲ್ಡಿಂಗ್ ಆಗಬೇಕಾದರೆ ಟ್ಯಾಂಕ್ ಇಳಿಸಿ ದೂರ ಇಡಲೇಬೇಕು. ಖಾಲಿ ಮಾಡಿದರೆ ಸಾಕು ಅನ್ನುವ ಮಾತು ನಂಬಬೇಡಿ. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಆವಿಯೇ ಸಿಡಿಯುವುದು. ಎಲ್‌ಪಿಜಿ, ಸಿಎನ್‌ಜಿ ಕಿಟ್ ಇರುವ ಕಾರನ್ನು ಮೊದಲು ಕಿಟ್ ಹಾಕುವವರ ಹತ್ತಿರ ಒಯ್ದು ಸಿಲಿಂಡರ್ ಇಳಿಸಿ.

ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ ಇರಲಿ. ಗ್ರೈಂಡರ್ ಹಿಡಿದಾಗ ಕನ್ನಡಕ, ಮಾಸ್ಕ್, ಚರ್ಮದ ಗ್ಲೌಸ್ ಬೇಕು. ವೈರ್ ಬ್ರಶ್ಶಿನ ತಂತಿಗಳು ಕಿತ್ತು ಹಾರುತ್ತವೆ, ಕಣ್ಣಿಗೆ ಬಂದರೆ ಮುಗಿಯಿತು.

ಕೊಯ್ಯುವುದು

ತೂತಿನ ಅಂಚಿಗೆ ಕೊಯ್ದು ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ತುಕ್ಕಿನ ಕೊನೆ ಗುಳಿ ಎಲ್ಲಿದೆಯೋ ಅಲ್ಲಿಂದ 2ರಿಂದ 3 ಸೆಂಟಿಮೀಟರ್ ಆಚೆಗೆ, ಗಟ್ಟಿ ತಗಡಿನಲ್ಲಿ ಗೆರೆ ಎಳೆಯಿರಿ. ಗೆರೆಯ ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಬೆಸೆಯುವಾಗ ಸುಟ್ಟು ತೂತಾಗುವುದೂ ಅಲ್ಲೇ.

4 ಇಂಚಿನ ಗ್ರೈಂಡರಿಗೆ 1 ಮಿಲಿಮೀಟರ್ ಕಟಿಂಗ್ ಡಿಸ್ಕ್ ಹಾಕಿ, ಗಾರ್ಡ್ ತೆಗೆಯದೆ ಕೊಯ್ಯಿರಿ. ಕೆಳಗೆ ಅಡ್ಡಪಟ್ಟಿ ಬೆಸೆದಿರುವ ಕಡೆ ಮೇಲಿನ ತಗಡನ್ನಷ್ಟೇ ಕತ್ತರಿಸಿ. ಸ್ಪಾಟ್ ವೆಲ್ಡ್ ಇರುವ ಚುಕ್ಕೆಗಳನ್ನು ಡ್ರಿಲ್ ಮಾಡಿ ಬಿಡಿಸಿ. ಎರಡೂ ಕಡೆಯ ನೆಲ ಹೋಗಿದ್ದರೆ ಒಂದು ಕಡೆ ಕೊಯ್ದು ಬೆಸೆದು ಮುಗಿಸಿ, ಆಮೇಲೆ ಇನ್ನೊಂದು ಕಡೆಗೆ ಕೈಹಾಕಿ. ಒಟ್ಟಿಗೆ ಕೊಯ್ದರೆ ಬಾಡಿ ಜಗ್ಗುತ್ತದೆ.

ಕೊಯ್ದ ತುಂಡನ್ನು ಎಸೆಯಬೇಡಿ. ಅದರ ಉಬ್ಬು ತಗ್ಗು ನೋಡಿಯೇ ಹೊಸ ತುಂಡು ಮಾಡಬೇಕು.

ಅಂಚಿನ ಸುತ್ತ ಎರಡೂ ಬದಿ, ಮೇಲೂ ಕೆಳಗೂ, ಬಣ್ಣ, ಡಾಮರು, ತುಕ್ಕು ಎಲ್ಲ ಹೋಗುವವರೆಗೆ ವೈರ್ ಕಪ್ (ಬಟ್ಟಲಿನಾಕಾರದ ತಂತಿ ಬ್ರಶ್) ಮತ್ತು ಫ್ಲಾಪ್ ಡಿಸ್ಕಿನಲ್ಲಿ (ಉಜ್ಜುಕಾಗದದ ಪಟ್ಟಿಗಳ ಡಿಸ್ಕ್) ಉಜ್ಜಿ. ದಪ್ಪ ಗ್ರೈಂಡಿಂಗ್ ಕಲ್ಲು ಬೇಡ, ಅದು ಇದ್ದ ತಗಡನ್ನೂ ತಿಂದುಹಾಕುತ್ತದೆ. ಕೊನೆಗೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಮಾತ್ರ ಇಲ್ಲಿ ಬಳಸಬೇಡಿ. ಕ್ಲೋರಿನ್ ಇರುವ ಸ್ಪ್ರೇಯ ಪಸೆ ಉಳಿದು ವೆಲ್ಡಿಂಗ್ ಶಾಖ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಹೊಸ ತುಂಡು

ನೆಲಕ್ಕೆ 20 ಗೇಜಿನ ಸಿಆರ್ ಶೀಟ್ (ಲೇಪವಿಲ್ಲದ ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ತನ್ನಿ. ದಪ್ಪ ಸುಮಾರು 0.9 ಮಿಲಿಮೀಟರ್. ಕಂಪನಿಯ ತಗಡಿಗಿಂತ ಕೂದಲೆಳೆ ದಪ್ಪ ಅಷ್ಟೇ, ಬೆಸೆಯಲು ಹದವಾಗಿರುತ್ತದೆ. 'ಇನ್ನೂ ದಪ್ಪ ಹಾಕಿ, ಗಟ್ಟಿ ಬರಲಿ' ಅಂತ 16 ಗೇಜ್ ಹಾಕಿಸುವವರಿದ್ದಾರೆ (ಗೇಜ್ ಸಂಖ್ಯೆ ಇಳಿದಷ್ಟೂ ತಗಡು ದಪ್ಪ). ದಪ್ಪ ತಗಡಿಗೆ ಬೇಕಾದ ಶಾಖಕ್ಕೆ ಪಕ್ಕದ ಹಳೆ ತಗಡು ಸುಟ್ಟೇ ಹೋಗುತ್ತದೆ.

ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲವಲ್ಲ, ಅದನ್ನೇ ಹಾಕಬಾರದಾ ಅಂತ ಕೇಳುತ್ತಾರೆ. ಬೆಸೆಯುವ ಕಡೆ ಅದರ ಸತುವಿನ ಲೇಪ ಹೇಗೂ ಸುಟ್ಟುಹೋಗುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆಯೂ ಸಿಡಿದು ತೂತು ತೂತಾಗುತ್ತದೆ. ಸಿಆರ್ ಶೀಟೇ ವಾಸಿ.

ಹಾಳಾದ ಜಾಗ ದೊಡ್ಡದಿದ್ದರೆ ಗುಜರಿ ಕಾರಿನ ನೆಲವನ್ನೇ ಕೊಯ್ದು ತರಬಹುದು. ಉಬ್ಬು ತಗ್ಗು ಎಲ್ಲ ತಯಾರಾಗಿಯೇ ಸಿಗುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕುವವರು ಇದಕ್ಕೇ ಹೋಗುವುದು. ಆದರೆ ಕಾರು ಎಲ್ಲಿ ಓಡಿದ್ದು ಅಂತ ಕೇಳಿ. ಚಿತ್ರದುರ್ಗ, ಬಳ್ಳಾರಿ ಕಡೆ ಒಣಹವೆಯಲ್ಲಿ ಓಡಿದ ಕಾರಿನ ನೆಲ ಸಿಕ್ಕರೆ ಅದೃಷ್ಟ. ನಂಬರ್ ಪ್ಲೇಟಿನಲ್ಲಿ ಮಂಗಳೂರಿನ ಕೆಎ 19 ಅಥವಾ ಉಡುಪಿಯ ಕೆಎ 20 ಕಂಡರೆ ನಮ್ಮದೇ ಕಥೆ.

ಶೀಟಿನಿಂದಲೇ ಮಾಡುವುದಾದರೆ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ. ಮದುವೆ ಕರೆಯೋಲೆಯ ರಟ್ಟು ಚೆನ್ನಾಗಿ ಬಾಗುತ್ತದೆ. ಕೊಯ್ದ ಬಾಯಿಗಿಂತ ಸುತ್ತಲೂ 15 ಮಿಲಿಮೀಟರ್ ಜಾಸ್ತಿ ಇರಲಿ, ಅಷ್ಟು ಹಳೆ ತಗಡಿನ ಮೇಲೆ ಕೂರಬೇಕು. ಕೈ ಪಳಗಿದವರು ಅಂಚಿಗೆ ಅಂಚು ಇಟ್ಟು ಬೆಸೆಯುತ್ತಾರೆ. ಅದು ಚೆಂದ, ಆದರೆ ಹೊಸಬರಿಗೆ ಬೇಡ.

ಚಪ್ಪಟೆ ತಗಡನ್ನು ಹಾಗೇ ಹಾಕಿದರೆ ಕಾಲಿಟ್ಟಾಗಲೆಲ್ಲ ಡಬ್ ಡಬ್ ಅನ್ನುತ್ತದೆ. ಕಂಪನಿಯವರು ನೆಲಕ್ಕೆ ಏಣುಗಳನ್ನು ಒತ್ತಿರುವುದು ಸುಮ್ನೆ ಅಲ್ಲ, ತೆಳು ತಗಡಿಗೆ ಬಿಗಿ ಬರುವುದೇ ಅದರಿಂದ. ಅರ್ಧ ಇಂಚಿನ ಎರಡು ಕಬ್ಬಿಣದ ಸರಳನ್ನು ಬೆರಳಗಲ ಬಿಟ್ಟು ಮರದ ಹಲಗೆಗೆ ಮೊಳೆ ಹೊಡೆದು ಕೂರಿಸಿ. ಮೇಲೆ ತಗಡಿಟ್ಟು, ನಡುವಿನ ಸಂದಿಗೆ ಮೂರನೇ ಸರಳಿಟ್ಟು ಸುತ್ತಿಗೆಯಲ್ಲಿ ಬಡಿದರೆ ಏಣು ಮೂಡುತ್ತದೆ. ಹಳೆ ತುಂಡಿನಲ್ಲಿ ಏಣು ಎಲ್ಲಿತ್ತೋ ಅಲ್ಲೇ ಬರಲಿ. ನೀರು ಹೋಗುವ ತೂತು ಹಳೆ ತುಂಡಿನಲ್ಲಿ ಇದ್ದರೆ ಹೊಸದರಲ್ಲೂ ಅದೇ ಅಳತೆಗೆ ಕೊರೆಯಿರಿ. ಅದನ್ನು ಮುಚ್ಚಿಬಿಡುವುದು ದೊಡ್ಡ ತಪ್ಪು.

ಬೆಸೆಯುವುದು

ತೆಳು ತಗಡಿಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ಆಗುವುದಿಲ್ಲ, ರಾಡ್ ಮುಟ್ಟಿದ ಕಡೆ ತೂತು. ಗ್ಯಾಸ್ ವೆಲ್ಡಿಂಗ್ ಹಳೆ ಟಿಂಕರುಗಳ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಶಾಖ ಜಾಸ್ತಿ ಹರಡಿ ತಗಡು ಸೊಟ್ಟಗಾಗುತ್ತದೆ, ಸುತ್ತಲಿನ ಬಣ್ಣವೂ ಸುಡುತ್ತದೆ. ವರ್ಕ್‌ಶಾಪುಗಳಲ್ಲಿ ಸಿಓ2 ವೆಲ್ಡಿಂಗ್ ಅನ್ನುವ ಮಿಗ್ ಮೆಷಿನ್ ಇದಕ್ಕೆ ಸರಿ. ತಂತಿ 0.6 ಅಥವಾ 0.8 ಮಿಲಿಮೀಟರ್. ಮೊದಲು ಅದೇ ಶೀಟಿನ ಉಳಿದ ತುಂಡುಗಳ ಮೇಲೆ ಕರೆಂಟ್ ಹೊಂದಿಸಿ. ಚುಕ್ಕೆ ಹಿಂಬದಿಗೂ ಇಳಿದಿರಬೇಕು, ತೂತಾಗಬಾರದು.

ಒಂದರ ಮೇಲೊಂದು ಕೂರುವ ಅಂಚುಗಳಿಗೆ ಸತು ಇರುವ ವೆಲ್ಡಿಂಗ್ ಪ್ರೈಮರ್ ಬಳಿಯಿರಿ. ಬೆಸೆದ ಮೇಲೆ ಆ ಸಂದಿಗೆ ಬ್ರಶ್ ಹೋಗುವುದಿಲ್ಲ. ಬೆಸುಗೆ ಬೀಳುವ ಗೆರೆಯಲ್ಲಿ ಮಾತ್ರ ಅದನ್ನು ಕೆರೆದು ತೆಗೆಯಿರಿ, ಮುಖದ ಹತ್ತಿರ ಹೊಗೆ ಬಾರದಂತೆ ಗಾಳಿ ಆಡಲಿ. ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಕಚ್ಚಿಸಿ.

ಮೊದಲು ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ. ಆಮೇಲೆ ಎದುರು ಬದುರು ಹಾರುತ್ತಾ 25–30 ಮಿಲಿಮೀಟರಿಗೊಂದು ಚುಕ್ಕೆ. ತಗಡು ಎದ್ದಿದ್ದರೆ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿಯೇ ಮುಂದಕ್ಕೆ ಹೋಗಿ. ನಂತರ ಚುಕ್ಕೆಗಳ ನಡುವೆ ತುಂಬುತ್ತಾ ಬನ್ನಿ. ಒಂದು ಕಡೆ ಅರ್ಧ ಇಂಚು, ಆಮೇಲೆ ಎದುರು ಕಡೆ ಅರ್ಧ ಇಂಚು. ಉದ್ದಕ್ಕೆ ಗೆರೆ ಎಳೆದ ಹಾಗೆ ಬೆಸೆದರೆ ತಗಡು ಅಲೆಅಲೆಯಾಗುತ್ತದೆ. ಕೆಳಗಿನ ಅಡ್ಡಪಟ್ಟಿಗೆ ಹಿಡಿಸಬೇಕಾದ ಕಡೆ ಹೊಸ ತಗಡಿನಲ್ಲಿ 6 ಮಿಲಿಮೀಟರ್ ತೂತು ಕೊರೆದು, ಅದನ್ನೇ ಬೆಸುಗೆಯಿಂದ ತುಂಬಿ. ಕಂಪನಿ ಸ್ಪಾಟ್ ವೆಲ್ಡ್ ಎಷ್ಟು ಅಂತರಕ್ಕೆ ಇತ್ತೋ ಅಷ್ಟೇ ಅಂತರ ಇಡಿ.

ಸುಟ್ಟು ತೂತಾದರೆ ಗಾಬರಿ ಬೇಡ. ಎಸಿ ತಾಮ್ರದ ಪೈಪಿನ ತುಂಡನ್ನು ಬಡಿದು ಚಪ್ಪಟೆ ಮಾಡಿ ಹಿಂದೆ ಒತ್ತಿ ಹಿಡಿಯಿರಿ, ಗ್ಲೌಸ್ ಹಾಕಿಕೊಂಡು. ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ, ಶಾಖವನ್ನೂ ಅದು ಎಳೆದುಕೊಳ್ಳುತ್ತದೆ.

ಕೆಲಸ ನಿಲ್ಲಿಸಿದ ಮೇಲೆ ಒಂದು ಗಂಟೆಯಾದರೂ ಕಾರಿನ ಹತ್ತಿರ ಇರಿ. ಡ್ಯಾಶ್‌ಬೋರ್ಡಿನ ಹಿಂದಿನ ಫೆಲ್ಟಿಗೆ ಕಿಡಿ ಹೊಕ್ಕರೆ ಒಳಗೊಳಗೇ ಹೊಗೆಯಾಡಿ ಆಮೇಲೆ ಹತ್ತಿಕೊಳ್ಳುತ್ತದೆ.

ಬಣ್ಣ: ಇಲ್ಲಿ ಅವಸರ ಮಾಡಬೇಡಿ

ಬೆಸುಗೆಯನ್ನು ಫ್ಲಾಪ್ ಡಿಸ್ಕಿನಲ್ಲಿ ಮಟ್ಟ ಮಾಡಿ, ಕತ್ತಲಲ್ಲಿ ಮತ್ತೊಮ್ಮೆ ಟಾರ್ಚ್ ಇಟ್ಟು ನೋಡಿ. ಬೆಳಕು ಬಂದ ಕಡೆ ಇನ್ನೊಂದು ಚುಕ್ಕೆ.

ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಡಬ್ಬದ ಮೇಲೆ ಬರೆದ ಹಾಗೆ ಉಳಿದ ಆಮ್ಲವನ್ನು ಒರೆಸಿ ತೆಗೆದು ಒಣಗಿಸಿ. ಆಮ್ಲದ ಪಸೆ ಉಳಿದರೆ ಮೇಲೆ ಬಳಿಯುವ ಎಪಾಕ್ಸಿ ಗಟ್ಟಿಯಾಗುವುದೇ ಇಲ್ಲ. ಕನ್ವರ್ಟರ್ ಇದೆಯಲ್ಲ ಅಂತ ಉಜ್ಜುವ ಕೆಲಸ ಬಿಡಬೇಡಿ. ಸಡಿಲ ತುಕ್ಕಿನ ಮೇಲೆ ಅದು ಏನೂ ಮಾಡುವುದಿಲ್ಲ.

ಪ್ರೈಮರ್ ಅಂದರೆ ಎರಡು ಡಬ್ಬ ಬೆರೆಸುವ ಎಪಾಕ್ಸಿ ಪ್ರೈಮರ್. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗ ನಿಜ, ಆದರೆ ಅದೊಂದೇ ನೀರು ತಡೆಯುವುದಿಲ್ಲ. ಬೆಳಗ್ಗೆ ಇಬ್ಬನಿಯ ಪಸೆ ಹೋದಮೇಲೆ, ತಗಡು ಸ್ವಲ್ಪ ಬೆಚ್ಚಗಾದ ಮೇಲೆ ಬಳಿಯಿರಿ. ಉಜ್ಜಿದ ದಿನವೇ ಬಳಿಯಬೇಕು, ಮರುದಿನಕ್ಕೆ ಬಿಡಬಾರದು. ಉಜ್ಜಿದ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು. ನೆಲಕ್ಕೆ ಸ್ಪ್ರೇ ಬೇಕಾಗಿಲ್ಲ, ಬ್ರಶ್ಶಿನಲ್ಲಿ ಮೂಲೆಗೆ ಒತ್ತಿ ಬಳಿದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಪ್ರೈಮರ್ ಒಣಗಿದ ಮೇಲೆ ಜೋಡಿನ ಗೆರೆಗಳಿಗೆಲ್ಲ, ಮೇಲೂ ಕೆಳಗೂ, ಪಿಯು (ಪಾಲಿಯುರೆಥೇನ್) ಸೀಲೆಂಟ್ ಎಳೆದು ಬೆರಳಲ್ಲಿ ಸವರಿ. ಬಚ್ಚಲುಮನೆಗೆ ಹಾಕುವ ಸಿಲಿಕೋನ್ ಬೇಡವೇ ಬೇಡ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಅದೇ ತಗಡನ್ನು ತಿನ್ನುತ್ತದೆ. ಮೇಲಿನ ಬಣ್ಣ ಕೂಡ ಅದಕ್ಕೆ ಹಿಡಿಯುವುದಿಲ್ಲ. ಎಂ-ಸೀಲ್, ಫೈಬರ್ ಬಟ್ಟೆ ಇವುಗಳಿಂದ ತೂತು ಮುಚ್ಚುವುದೂ ಅಷ್ಟೇ, ತುಕ್ಕನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಸೀಲೆಂಟ್ ಒಣಗಿದ ಮೇಲೆ ಒಳಗೆ ಎರಡು ಕೋಟು ಬಣ್ಣ. ಬಣ್ಣ ಯಾವುದಾದರೂ ಆಗಲಿ, ತಿಳಿ ಬಣ್ಣ ಇರಲಿ. ಮುಂದೆ ತುಕ್ಕು ಎದ್ದರೆ ಬೇಗ ಕಾಣುತ್ತದೆ.

ಕಾರಿನ ತಳಕ್ಕೆ ಪ್ರೈಮರ್ ಆದಮೇಲೆಯೇ ಅಂಡರ್‌ಬಾಡಿ ಕೋಟಿಂಗ್. ಸರ್ವಿಸ್ ಸೆಂಟರುಗಳಲ್ಲಿ ನೀರು ಹೊಡೆದು ಅರ್ಧ ಗಂಟೆಯಲ್ಲಿ ಕೋಟಿಂಗ್ ಹೊಡೆಯುವುದನ್ನು ನೋಡಿದ್ದೇನೆ. ಒದ್ದೆ ತುಕ್ಕನ್ನು ಡಾಮರಿನಡಿ ಮುಚ್ಚಿಟ್ಟ ಹಾಗೆ ಅದು. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಹಳೆ ಪದ್ಧತಿಯೂ ಬೇಡ. ರಬ್ಬರ್ ಬುಶ್‌ಗಳು ಊದಿಕೊಳ್ಳುತ್ತವೆ, ಅಂಗಳದ ಮಣ್ಣು, ಬಾವಿ ಎರಡೂ ಕೆಡುತ್ತವೆ.

ರನ್ನಿಂಗ್ ಬೋರ್ಡಿನ ಟೊಳ್ಳಿಗೆ ಬ್ರಶ್ ಹೋಗುವುದಿಲ್ಲ. ಅದರಲ್ಲಿರುವ ತೂತುಗಳಿಂದ ಉದ್ದ ನಳಿಗೆಯ ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ. ಕೆಳಗಿನ ಅಂಚಿನಿಂದ ಒಂದಿಷ್ಟು ತೊಟ್ಟಿಕ್ಕಬೇಕು. ಆಮೇಲೆ ನೀರು ಇಳಿಯುವ ತೂತುಗಳನ್ನು ತಂತಿಯಿಂದ ಚುಚ್ಚಿ ತೆರೆದಿಡಿ.

ಮತ್ತೆ ಜೋಡಿಸುವುದು

ನೆಲದ ತೂತುಗಳಿಗೆ ಹೊಸ ರಬ್ಬರ್ ಬಿರಡೆ ಹಾಕಿ. ಸರಿಸಿದ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಮೊದಲಿದ್ದ ಕ್ಲಿಪ್ಪಿನಲ್ಲಿ ಕೂತಿವೆಯಾ, ಎಲ್ಲಾದರೂ ಉಜ್ಜುತ್ತಿವೆಯಾ ನೋಡಿ. ಸದ್ದು ತಡೆಯುವ ಹಾಳೆ ಬೇಕಾದರೆ ಹೊಸದು ಅಂಟಿಸಿ, ಆದರೆ ಅಂಚುಗಳು ಪೂರ್ತಿ ಕೂರಬೇಕು. ಫೆಲ್ಟ್ ಬದಲಿಗೆ ನೀರು ಹೀರದ ಫೋಮ್ ಹಾಳೆ ಹಾಕಿ. ನನ್ನನ್ನು ಕೇಳಿದರೆ ಕರಾವಳಿಯ ಕಾರಿಗೆ ಕಾರ್ಪೆಟ್ಟೇ ಬೇಡ. ಎತ್ತಿ ಒರೆಸಲು ಬರುವ ರೆಕ್ಸಿನ್ ಅಥವಾ ರಬ್ಬರ್ ಹಾಸು ಸಾಕು. ಸೀಟ್ ಬೆಲ್ಟ್ ಬೋಲ್ಟು, ಸೀಟಿನ ಬೋಲ್ಟು ಬಿಗಿ ಮಾಡಿ, ಬ್ಯಾಟರಿ ಕೊನೆಗೆ ಜೋಡಿಸಿ. ಒಂದು ಸುತ್ತು ಓಡಿಸುವ ಮುಂಚೆ ಬ್ರೇಕ್ ಒತ್ತಿ ಹಿಡಿದು ಕೆಳಗೆ ಎಲ್ಲಾದರೂ ಎಣ್ಣೆ ಜಿನುಗುತ್ತಿದೆಯಾ ನೋಡಿ. ಆಮೇಲೆ ಮತ್ತೊಮ್ಮೆ ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷೆ.

ಟಿಂಕರ್ ಹತ್ತಿರ ಮಾಡಿಸುವುದಾದರೆ

ಬಹಳ ಜನ ಮಾಡುವುದು ಇದನ್ನೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಪ್ಪಿಸುವ ಮೊದಲು ಮಾತಾಡಿಕೊಳ್ಳಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಹಳೆ ತುಕ್ಕು ತಗಡನ್ನು ತೆಗೆಯುವುದಿಲ್ಲ, ಅದರ ಮೇಲೇ ಹೊಸ ಶೀಟ್ ಇಟ್ಟು ನಾಲ್ಕು ಕಡೆ ಚುಕ್ಕೆ ಹೊಡೆದು, ಮೇಲೆ ಕೆಳಗೆ ಡಾಮರು ಬಳಿದು ಕೊಡುತ್ತಾರೆ. ನೋಡಲು ಹೊಸ ನೆಲ. ಎರಡು ತಗಡಿನ ನಡುವೆ ನೀರು ಕೂತು ಎರಡನ್ನೂ ತಿನ್ನುತ್ತದೆ.

ಹಾಗಾಗಿ ಹೇಳುವುದನ್ನು ನೇರವಾಗಿ ಹೇಳಿ. 'ಅಣ್ಣಾ, ಹಳೇದನ್ನು ಕೊಯ್ದು ತೆಗೀಬೇಕು. ಬೆಸೆದ ಮೇಲೆ ಪ್ರೈಮರ್ ಹೊಡೆಯೋ ಮುಂಚೆ ನಂಗೊಂದು ಫೋನ್ ಮಾಡಿ, ಬಂದು ನೋಡ್ತೀನಿ. ಕೊಯ್ದ ತುಂಡು ಎಸೀಬೇಡಿ, ನಂಗೆ ಬೇಕು.' ಒಳ್ಳೆ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಎಪಾಕ್ಸಿ ಪ್ರೈಮರ್, ಪಿಯು ಸೀಲೆಂಟ್ ನೀವೇ ತಂದುಕೊಟ್ಟರೆ ಇನ್ನೂ ವಾಸಿ, ಯಾವ ಡಬ್ಬ ಬಳಸಿದರು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕೂಲಿ ಸ್ವಲ್ಪ ಜಾಸ್ತಿ ಕೇಳಿದರೆ ಕೊಡಿ, ಕೊಯ್ದು ಬೆಸೆಯುವುದಕ್ಕೆ ಪ್ಯಾಚ್ ಹೊಡೆಯುವುದರ ದುಪ್ಪಟ್ಟು ಹೊತ್ತು ಹಿಡಿಯುತ್ತದೆ. ಡಾಮರು ಕೋಟಿಂಗ್ ಬೀಳುವ ಮೊದಲು ಕೆಳಗೆ ಮಲಗಿ ಜೋಡಿನ ಗೆರೆಗಳ ಫೋಟೊ ತೆಗೆದುಕೊಳ್ಳಿ. ಕೋಟಿಂಗ್ ಬಿದ್ದ ಮೇಲೆ ಒಳ್ಳೆ ಬೆಸುಗೆ ಯಾವುದು, ಕೆಟ್ಟದ್ದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ.